ಬಟ್ಟೆ ಹಾಕದವರ ನಿಯಮ

ಮಕ್ಕಳ ಸುರಕ್ಷತೆಯ ನಿಯಮಗಳನ್ನು ನಾನು ಕದ್ದದ್ದು ಬಟ್ಟೆ ಹಾಕದವರ ಕ್ಲಬ್ಬೊಂದರಿಂದ. ನಗಬೇಡಿ — ಅಥವಾ ಈಗಲೇ ನಕ್ಕುಬಿಡಿ, ಆಮೇಲೆ ಆಗುವುದಿಲ್ಲ.

ಕೊಲ್ಲಿ ದೇಶದ ಊರು ಮೈದಾನ್ ಹವಲ್ಲಿಯ ಹತ್ತಿಪ್ಪತ್ತು ಕನ್ನಡದ ಮನೆಯವರು ಕಟ್ಟಿಕೊಂಡ ಪುಟ್ಟ ಸಂಘ ನಮ್ಮದು. ಶುಕ್ರವಾರ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಮಕ್ಕಳಿಗೆ ಕರಾಟೆ. ಮಕ್ಕಳನ್ನು ಬಿಡುವ ಕಡೆ ಏನಾದರೂ ನಿಯಮ ಬೇಕೆಂದು ನರ್ಸ್ ಲವೀನಾ ಅಕ್ಕ ಹಟ ಹಿಡಿದರು. ಕೆಲಸ ನನ್ನ ತಲೆಗೆ ಬಂತು. ನಾನು ಕೆಲಸ ಮಾಡುವ ಶುವೈಖ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೂತು, ಗಿರಾಕಿಗಳ ನಡುವೆ, ಯುರೋಪಿನ ಯಾವುದೋ ಕ್ಲಬ್ಬಿನ ನಿಯಮಾವಳಿಯನ್ನು ಫೋನಿನಲ್ಲೇ ಕನ್ನಡಕ್ಕೆ ತಿರುಗಿಸಿ, ಅವರ ಹೆಸರು ಅಳಿಸಿ ನಮ್ಮದು ಹಾಕಿದೆ. ಓದಲಿಲ್ಲ. ಓದುವ ಜಾತಿ ನನ್ನದಾಗಿದ್ದರೆ ಬಿ.ಕಾಂ. ಅಷ್ಟು ಸಲ ಬರೆಯುತ್ತಿರಲಿಲ್ಲ.

ಸಭೆಯಲ್ಲಿ ಅಧ್ಯಕ್ಷರು ಗಟ್ಟಿಯಾಗಿ ಓದಿದರು: "ಆವರಣದಲ್ಲಿ ಸದಸ್ಯರು ಬಟ್ಟೆ ಧರಿಸುವುದು ಕಡ್ಡಾಯವಲ್ಲ. — ಎಂತ ಮಾರಾಯ ಇದು? ಮುಂದಿನ ಮೀಟಿಂಗಿಗೆ ನಾನು ಹೇಗೆ ಬರುವುದು?"

"ಟೈ ಮಾತ್ರ ಹಾಕಿ ಬನ್ನಿ ಸರ್, ಅಧ್ಯಕ್ಷರಲ್ವಾ!" ಎಂದೆ ನಾನು.

ಕೆಲವರ ಮೂಗಿನಿಂದ ಚಹಾ ಬಂತು. ಲವೀನಾ ಅಕ್ಕ ನಗಲಿಲ್ಲ. "ಆ ಒಂದು ಸಾಲು ತೆಗಿ. ಉಳಿದದ್ದು ಸರಿ ಉಂಟಲ್ಲ? ಮಗುವಿನ ಜೊತೆ ಒಬ್ಬರೇ ಬಾಗಿಲು ಮುಚ್ಚಿ ಇರಬಾರದು ಅಂತ ಉಂಟು. ಮಗು ಹೇಳಿದ್ದನ್ನು ತಮಾಷೆ ಮಾಡಬಾರದು ಅಂತ ಉಂಟು."

ಹೌದು, ಇತ್ತು. ಬಟ್ಟೆ ಹಾಕದವರು ಅಷ್ಟೆಲ್ಲ ಯೋಚಿಸಿದ್ದರು. ಬಟ್ಟೆ ಹಾಕಿದ ನಾವು — ನಾನು — "ಖಲಾಸ್ ಅಕ್ಕ, ಬೆತ್ತಲೆಯವರ ನಿಯಮ ನಮಗೆ ಯಾಕೆ?" ಎಂದು ಎಲ್ಲರೆದುರು ಕಾಗದ ಹರಿದೆ. ಇನ್ನೂ ದೊಡ್ಡ ನಗು.

ಕೆಲವು ವಾರಗಳ ನಂತರ, ಕ್ಲಾಸಿನ ಬಾಗಿಲಲ್ಲಿ ಲವೀನಾ ಅಕ್ಕನ ಮಗಳು ಅನೀಷಾ ನನ್ನ ಅಂಗಿ ಹಿಡಿದಳು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. "ಅಂಕಲ್, ಮಾಸ್ಟರ್ ಹಿಟ್ಸ್ ಮಿ."

"ಕರಾಟೆ ಕ್ಲಾಸಲ್ಲಿ ಹೊಡೆಯದೆ ಪಾಯಸ ಬಡಿಸ್ತಾರಾ ಪುಟ್ಟಾ?"

ಅವಳು ಒಳಗೆ ಹೋದಳು. ಕ್ಲಾಸು ಮುಗಿದ ಮೇಲೆ ಮಾಸ್ಟರ್ ಅವಳೊಬ್ಬಳನ್ನೇ ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡ. ಬೆಲ್ಟಿನ ಸದ್ದು. ಕಾಯುತ್ತಿದ್ದ ಅಪ್ಪಂದಿರಿಗೆ ನಾನು ಹೇಳಿದೆ — "ಮಾಸ್ಟರ್ ಒಳಗೆ ಪರೋಟ ಬಡೀತಿದ್ದಾರೆ." ಅವರು ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. ಮತ್ತೆ ಸದ್ದು. ಮತ್ತೆ. ಆಮೇಲೆ ಒಣಕಡ್ಡಿ ಮುರಿದಂತೆ ಏನೋ, ಮತ್ತು ಒಂದು ಕಿರುಚು — ಇವತ್ತಿಗೂ...

ಬಾಗಿಲಿಗೆ ಒದ್ದೆ. ಚಿಲಕ ಕಿತ್ತು ಬಂತು. ಅವಳ ಬಿಳಿ ಅಂಗಿಯ ಮೇಲೆಲ್ಲ ತುಟಿಯ ರಕ್ತ. ಅವಳ ಕೈ ಮಣಿಕಟ್ಟಿನಿಂದ ಸ್ವಲ್ಪ ಮೇಲೆ, ಕೈ ಬಾಗದ ಕಡೆಗೆ ಬಾಗಿತ್ತು. ಅವನ ಬೆಲ್ಟು ಇನ್ನೂ ಎತ್ತಿದಂತೆಯೇ ಇತ್ತು. ಅವನ ಮುಖಕ್ಕೆ ಎಷ್ಟು ಗುದ್ದಿದೆನೋ ಗೊತ್ತಿಲ್ಲ. ಎಳೆದು ಬಿಡಿಸಿದಾಗ ಅವನ ಹಲ್ಲಿನ ಚೂರು ನನ್ನ ಗೆಣ್ಣಿನಲ್ಲಿ ಸಿಕ್ಕಿಕೊಂಡಿತ್ತು. ಅವನನ್ನು ಪೊಲೀಸರು ಒಯ್ದರು. ನಾನು ಹೀರೋ ಆದೆ. ಇಷ್ಟು ವರ್ಷ ಈ ಕಥೆಯನ್ನು ಬಾಗಿಲು ಒದ್ದಲ್ಲಿಂದಲೇ ಶುರುಮಾಡುತ್ತಾ ಬಂದಿದ್ದೇನೆ. ಅದಕ್ಕೆ ಮುಂಚೆ ಆ ಬಾಗಿಲ ಹೊರಗೆ ನಡೆದದ್ದು — ಲವೀನಾ ಅಕ್ಕ, ನಿಮಗೆ ಇವತ್ತಿನವರೆಗೂ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ನೀವು ನನ್ನ ಕೈ ಹಿಡಿದು ಅತ್ತಿರಿ. ನೀವು ಡಾಕ್ಟರನ್ನು ನೋಡಲು ಹೊರಗೆ ಹೋದಾಗ ನಾನು ಪ್ಲಾಸ್ಟರ್ ಬಗ್ಗೆ ಏನೋ ಜೋಕು ತೆಗೆದೆ. ಅನೀಷಾ ನನ್ನನ್ನೇ ನೋಡಿದಳು. ನನಗೆ ಅರ್ಥವಾಗದೆ ಹೋದೀತೆಂದೋ ಏನೋ, ಒಂದೊಂದೇ ಪದ ಹುಡುಕಿ, ಮೊದಲ ಸಲ ಕನ್ನಡದಲ್ಲಿ ಹೇಳಿದಳು:

"ಅಂಕಲ್, ನೀವು ಹೊರಗೆ ನಗ್ತಾ ಇದ್ರಿ. ನನಗೆ ಒಳಗೆ ಕೇಳ್ತಾ ಇತ್ತು."