ವಾಲಿಂಗ್‌ನ ವಸ್ತಿ

ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತಿದಾಗ ನಾವು ಆರು ಜನ, ನಾಲ್ಕು ತಲೆಮಾರು. ಮೂಡಲಗಿಯಿಂದ ಅವ್ವ, ಅಣ್ಣ, ಅವನ ಹೆಂಡತಿ ವೈನಿ. ಗೋಕಾಕದಿಂದ ಅಣ್ಣನ ಮಗಳು ಗಿರಿಜಾ ಮತ್ತು ಅವಳ ಪುಟ್ಟ ಮಗಳು. ಹುಕ್ಕೇರಿಯ ಗಂಡನ ಮನೆಯಿಂದ ನಾನು. ಹೊರಟಿದ್ದು ನೇಪಾಳಕ್ಕೆ. ಪಾಸ್‌ಪೋರ್ಟ್ ಬೇಡ, ಮತದಾರರ ಚೀಟಿ ಸಾಕು ಎಂದು ಗೊತ್ತಾದ ದಿನದಿಂದ ಅಣ್ಣ ನೆಲದ ಮೇಲೆ ಇರಲಿಲ್ಲ.

ಪ್ರವಾಸದ ಯೋಜನೆಯೆಲ್ಲ ಅವನದೇ. ಸುನೌಲಿ ಗಡಿಯಿಂದ ಪೋಖರಾ ಒಂದು ದಿನದ ದಾರಿ. ಅದನ್ನು ಅವನು ಮೂರು ರಾತ್ರಿಯ ವಸ್ತಿ ಮಾಡಿ ಹಂಚಿದ್ದ: ಲುಂಬಿನಿ, ತಾನ್‌ಸೇನ್, ವಾಲಿಂಗ್. ಅವ್ವನಿಗೆ ಎಂಬತ್ತು ದಾಟಿದೆ, ಮೊಣಕಾಲು ನೋವು, ಲಿಂಗಪೂಜೆಯಾಗದೆ ತುತ್ತು ಮುಟ್ಟುವುದಿಲ್ಲ. ಹಾಗಾಗಿ ಕೆಳಗಿನ ಕೋಣೆ, ಬೆಳಗಾಗುವಷ್ಟರಲ್ಲಿ ಬಿಸಿನೀರು, ಈರುಳ್ಳಿ ಇದ್ದರೂ ಮೊಟ್ಟೆ ಮುಟ್ಟದ ಅಡುಗೆಮನೆ. ತಿಂಗಳುಗಟ್ಟಲೆ ಫೋನಿನಲ್ಲಿ ಹರಕು ಹಿಂದಿಯಲ್ಲಿ ಇದನ್ನೇ ವಿಚಾರಿಸಿದ್ದ. ಮಗಳ ಮದುವೆಗೂ ಇಷ್ಟು ಓಡಾಡಿರಲಿಲ್ಲ ಎಂದು ನಾನು ಕಾಡಿಸುತ್ತಿದ್ದೆ.

ಗಡಿಯಲ್ಲಿ ಹಿಡಿದ ವ್ಯಾನು ಮೂರನೆಯ ದಿನ ಮಧ್ಯಾಹ್ನವೇ ವಾಲಿಂಗ್ ತಲುಪಿತು. ಹೆದ್ದಾರಿ ಬದಿಯ ಸಣ್ಣ ಪೇಟೆ, ಕೆಳಗೆ ಆಂಧಿಖೋಲಾ ಹೊಳೆ, ಸುತ್ತ ಮಂಜು ಮುಸುಕಿದ ಗುಡ್ಡ. "ಇಲ್ಲಿ ನೋಡಾಕ ಏನೈತೋ ಅಣ್ಣಾ?" ಎಂದೆ.

"ಏನೂ ಇಲ್ಲ. ಅದಕ್ಕ ಚಲೋ. ಅವ್ವ ಉಂಡು ಆರಾಮ ಮಲಗ್ತಾಳ."

ಮರುದಿನ ಬೆಳಿಗ್ಗೆ ವೈನಿ ಚಹಾ ಕೊಟ್ಟರು. "ಎದಿ ಹಿಡದಂಗ ಆಗೇತಿ" ಎಂದವನೇ ಅಣ್ಣ ಪಕ್ಕಕ್ಕೆ ವಾಲಿದ. ಬಂದ ಡಾಕ್ಟರು ನಾಡಿ ನೋಡಿ, ಕೈ ಕೆಳಗಿಟ್ಟು, ತಲೆಯಾಡಿಸಿದರು. ಎಲ್ಲರೂ ಅವ್ವನಿಗಾಗಿ ಹೆದರಿದ್ದೆವು. ಅವನಿಗಾಗಿ ಒಬ್ಬರೂ ಹೆದರಿರಲಿಲ್ಲ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಿಲ್ಲ.

ಅವ್ವ ಅಳಲಿಲ್ಲ. "ಮೈ ಸೆಟಿಯೂದರಾಗ ಕೂಡಸ್ರಿ" ಎಂದಳು. ನಮ್ಮಲ್ಲಿ ಸುಡುವುದಿಲ್ಲ. ಕಾಲು ಮಡಚಿ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ಕೂತಂತೆಯೇ ಮಣ್ಣು ಮಾಡುತ್ತೇವೆ. ಮೈ ಸೆಟೆದರೆ ಕಾಲು ಮಡಚಲು ಬರುವುದಿಲ್ಲ. ನಾನು, ವೈನಿ, ಗಿರಿಜಾ ಸೇರಿ ಅವನನ್ನು ಗೋಡೆಗೆ ಒರಗಿಸಿದೆವು. ಅವ್ವ ಅವನ ಕಾಲು ಮಡಚಿ, ಅವನದೇ ಧೋತರದಿಂದ ಬಿಗಿದು ಕಟ್ಟಿದಳು.

"ಅಪ್ಪಾಜಿನ ಊರಿಗಿ ಒಯ್ಯೂನು, ಆಯೀ" ಎಂದು ಗಿರಿಜಾ ಅಜ್ಜಿಗೆ ಹೇಳಿದಳು.

"ಮೂರ ದಿನ ಪೆಟ್ಟಿಗ್ಯಾಗ ಮಲಗಿಸಿ ಒಯ್ತಿ? ಲಿಂಗಾ ಕಟ್ಟಿದ ಮಗಾ ಅಂವ. ಹಂಗ ಮಲಗಿಸಿದ್ರ ನಾ ಬರೂದುಲ್ಲ, ನನ್ನೂ ಇಲ್ಲೇ ಬಿಟ್ಟ ಹೋಗ್ರಿ."

ಲಾಡ್ಜಿನ ಮಾಲೀಕ ಒಳ್ಳೆಯವನು. ಹೊಳೆ ದಂಡೆಗೆ ಕಟ್ಟಿಗೆ ತರಿಸುತ್ತೇನೆ ಎಂದ. ಹೂಳಬೇಕು ಎಂದಾಗ ಅವನ ಮುಖ ಇಳಿಯಿತು. ಅಲ್ಲಿ ಹೂಳುವುದು ಹಸುಗೂಸುಗಳನ್ನು ಮಾತ್ರವಂತೆ, ಜಾಗ ಯಾರು ಕೊಡುತ್ತಾರೆ? ಪೊಲೀಸರು ಬಂದು ಬರೆದುಕೊಂಡು ಹೋದರು. ಬಿಸಿಲೇರಿತು. ಗೋಡೆಗೆ ಒರಗಿದ ಅಣ್ಣನ ಪಕ್ಕ ಅವ್ವ ಅವನ ಮೊಣಕಾಲು ಒತ್ತಿಕೊಂಡೇ ಕೂತಿದ್ದಳು, ಬಿಟ್ಟರೆ ಎಲ್ಲಿ ಚಾಚುತ್ತಾನೋ ಎನ್ನುವ ಹಾಗೆ.

ಸುದ್ದಿ ಕೇಳಿ ಗುಡ್ಡದ ಮೇಲಿಂದ ಗಿರಿ ಎಂಬ ಮನೆತನದ ಹಿರಿಯನೊಬ್ಬ ಇಳಿದು ಬಂದ. ಅವರು ಸನ್ಯಾಸಿ ವಂಶದ ರೈತರು. ಬಾಗಿಲಲ್ಲಿ ನಿಂತು ಅಣ್ಣನನ್ನು ಬಹಳ ಹೊತ್ತು ನೋಡಿದ. ನಾವೂ ನಮ್ಮವರನ್ನು ಕೂರಿಸಿಯೇ ಹೂಳುತ್ತೇವೆ, ನಮ್ಮ ಸಮಾಧಿಗಳ ಸಾಲಿನಲ್ಲಿ ಒಂದು ಜಾಗ ಕೊಡುತ್ತೇನೆ ಎಂದು ಹಿಂದಿಯಲ್ಲಿ ಹೇಳಿದ. ನಾನು ಅವನ ಕಾಲಿಗೆ ಬಿದ್ದೆ. ಜೀವನದಲ್ಲಿ ಅಪರಿಚಿತನ ಕಾಲಿಗೆ ಬಿದ್ದದ್ದು ಅದೊಂದೇ ಸಲ.

ವಾರ್ಡಿನ ಕಚೇರಿಯ ಒಪ್ಪಿಗೆ ಸಿಗುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಲಾಡ್ಜಿನ ಪ್ಲಾಸ್ಟಿಕ್ ಕುರ್ಚಿಗೆ ಅಣ್ಣನನ್ನು ಕಟ್ಟಿ ನಾಲ್ವರು ಗುಡ್ಡ ಹತ್ತಿಸಿದರು. ಅದೇ ಕುರ್ಚಿ ಖಾಲಿಯಾಗಿ ಕೆಳಗೆ ಬಂತು, ಅವ್ವನನ್ನು ಒಯ್ಯಲು. ನಾನು ಬೇರೆ ಕುರ್ಚಿ ಕೇಳಹೋದೆ. "ಇರಲಿ ಬಿಡವಾ" ಎಂದು ಅವ್ವ ಅದರಲ್ಲೇ ಕೂತಳು.

ಊರಿನ ಐನಾರು ಫೋನಿನಲ್ಲಿ ಮಂತ್ರ ಹೇಳಿದರು. ನಡುನಡುವೆ ದನಿ ಕಡಿಯುತ್ತಿತ್ತು. ಅಣ್ಣ ಅವ್ವನ ಪೂಜೆಗೆಂದು ತಂದ ವಿಭೂತಿಯೆಲ್ಲ ಗುಂಡಿಗೇ ಹೋಯಿತು. ಗಿರಿ ಮನೆಯ ಸೊಸೆ ಬಿಲ್ವಪತ್ರೆ ಕಿತ್ತು ತಂದಳು. ಅವ್ವ ಮೊದಲ ಹಿಡಿ ಮಣ್ಣು ಹಾಕಿದಳು.

ಸಂಜೆ ಡ್ರೈವರು ಮುಂದಕ್ಕೋ ಹಿಂದಕ್ಕೋ ಎಂದು ಕೇಳಿದ. ಹಿಂದಕ್ಕೆ ಎಂದೆವು. ಪೋಖರಾದ ಕೋಣೆ ಬೇಡವೆಂದು ತಿಳಿಸಲು ಯಾರಿಗೂ ನೆನಪಾಗಲಿಲ್ಲ. ವ್ಯಾನು ಹೊರಟಾಗ ಹಿಂದಿನ ಗಾಜಿನಲ್ಲಿ ಗುಡ್ಡ ಕಂಡಿತು, ಹೊಸ ಮಣ್ಣು ಎಲ್ಲಿದೆಯೆಂದು ತಿಳಿಯಲಿಲ್ಲ. ತಿರುವಿನ ಮೇಲೆ ತಿರುವು. ಅವ್ವನ ಹಟವೇ ಗೆದ್ದಿತು, ಇನ್ನಾದರೂ ಸಮಾಧಾನವಾಗಿರಬೇಕು ಎಂದುಕೊಂಡೆ.

ಬಯಲಿನ ದೀಪಗಳು ಕಾಣತೊಡಗಿದಾಗ ಅವಳು ನನ್ನ ಕೈ ಹಿಡಿದಳು. "ಕೂಡಸೂದೇನೋ ಕೂಡಿಸಿದ್ವಿ. ಆದ್ರ ಬಾಜೂಕ ನಮ್ಮ ಮಾತ ತಿಳಿಯಾವರು ಒಬ್ಬರೂ ಇಲ್ಲಲ್ಲವಾ. ಯಾರ ಜೋಡಿ ಮಾತಾಡ್ಯಾನು ನನ್ನ ಮಗಾ?"

ಬೆಳಿಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕದಿದ್ದ ವೈನಿ ಆಗ ಬಾಯಿಗೆ ಸೆರಗು ತುರುಕಿಕೊಂಡು ಅತ್ತರು.