ಬದಲಾದ ಮೊದಲ ಹಾಳೆ

ಅವರ ಬಲಗಿವಿಯ ಅಂಚಿಗೆ ಸದಾ ತೆಂಗಿನ ನಾರಿನ ಎಳೆಯೊಂದು ಅಂಟಿರುತ್ತಿತ್ತು. ತಿಪಟೂರಿನಲ್ಲಿ ನಮ್ಮ ನೆರೆಮನೆಯವರಾದ ಅವರು ಕೊಬ್ಬರಿ ದಲ್ಲಾಳಿ. ಊರೂರು ಸುತ್ತಿ, ರೈತರ ಮನೆಯ ಅಟ್ಟ ಹತ್ತಿ, ಅಲ್ಲಿ ತಿಂಗಳುಗಟ್ಟಲೆ ಒಣಗುವ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು. ಒಳಗಿನ ಕೊಬ್ಬರಿ ಗುಡುಗುಡು ಎಂದರೆ ಮಾತ್ರ ಇಳಿಸಲು ಒಪ್ಪುತ್ತಿದ್ದರು. "ಕಾಯೇ ಹೇಳ್ಲಿ ಬುಡ್ರೀ, ನಮ್ಗೇನವಸ್ರ?"

ಅವರಿಗೊಂದು ಕೊರಗಿತ್ತು. ಅರವತ್ತರ ದಶಕದಲ್ಲಿ ತಿಪಟೂರು ಎಂಬ ಹೆಸರಿನದೇ ಲೋಕಸಭಾ ಕ್ಷೇತ್ರವಿತ್ತು. ಒಂದೇ ಚುನಾವಣೆಯನ್ನು ಕಂಡು ಅದು ಅಳಿಯಿತು. ನಮ್ಮ ಊರುಗಳನ್ನೇ ನೋಡದ ಯಾರೋ ಕುರ್ಚಿ ಬಿಟ್ಟೇಳದೆ ನಕ್ಷೆಯ ಗೆರೆಗಳನ್ನು ಅಳಿಸಿದ್ದರು. "ಹೆಸ್ರಿಟ್ಟು ತೊಟ್ಲಿಗಾಕೋ ಹೊತ್ಗೆ ಮಗಾನೇ ಎತ್ಕೊಂಡೋದ್ರು" ಎನ್ನುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಗಡಿಗಳನ್ನು ಮತ್ತೆ ಗುರುತಿಸುವ ಸುದ್ದಿ ಬಂದೊಡನೆ, ಕ್ಷೇತ್ರವನ್ನು ಮರಳಿ ಕೇಳುವ ಮನವಿಗೆ ಸಹಿ ಸಂಗ್ರಹಿಸಲು ಹೊರಟರು.

ಮನವಿಯನ್ನು ಬರೆದವನು ಕನ್ನಡ ಉಪಾಧ್ಯಾಯನಾಗಿದ್ದ ನಾನು. ಸಹಿಯ ಪ್ರತಿ ಹಾಳೆಯ ನೆತ್ತಿಯಲ್ಲೂ ಕೋರಿಕೆಯ ಎರಡು ಸಾಲು ಇರಲೆಂದು ಅವರು ಕೇಳಿದರು: "ಏನಕ್ ಸಹಿ ಹಾಕಿದ್ರು ಅಂತ ಗೊತ್ತಾಗ್ಬೇಕಲ್ವ ಮೇಷ್ಟ್ರೇ?"

"ಅದು ಪುನರುಕ್ತಿ. ಮೊದಲ ಹಾಳೆಯಲ್ಲಿದ್ದರೆ ಸಾಕು" ಎಂದೆ.

ಹೊನ್ನವಳ್ಳಿಯಿಂದ ಕಂದಿಕೆರೆಯವರೆಗೆ ಸಹಿ, ಹೆಬ್ಬೆಟ್ಟುಗಳು ಕೂಡಿದವು. ದೆಹಲಿಗೆ ಮುಟ್ಟಿಸುವೆನೆಂದು ಪುಢಾರಿಯೊಬ್ಬ ಕಟ್ಟನ್ನು ಒಯ್ದ. ಒಯ್ದವನು ನನ್ನ ಮೊದಲ ಹಾಳೆಯನ್ನು ಕಿತ್ತು, ತನಗೇ ಚುನಾವಣೆಯ ಟಿಕೆಟ್ಟು ಕೊಡಬೇಕೆಂಬ ಕೋರಿಕೆಯನ್ನು ಅಲ್ಲಿ ಹೊಲಿದು, ಪಕ್ಷದ ಮುಖಂಡರಿಗೆ ಅರ್ಪಿಸಿದ. ಆ ಕಟ್ಟನ್ನು ಎದೆಗವಚಿಕೊಂಡು ಹಲ್ಲು ಬಿಟ್ಟ ಅವನ ಚಿತ್ರ ಪತ್ರಿಕೆಯಲ್ಲಿ ಬಂತು. ಅವನಿಗೆ ಊರು ಹಾರ ಹಾಕಿದ್ದು ಅದಕ್ಕಿಂತ ಹೇಸಿಗೆ.

ಬೈಗುಳ ಬಿದ್ದದ್ದು ಸಹಿ ಪಡೆದಿದ್ದ ದಲ್ಲಾಳಿಗೆ; ಅವರೇ ಮಾರಿಕೊಂಡರೆಂದು ಜನ ನಂಬಿದರು. ಸಹಿ ಕೊಟ್ಟ ಒಂದೊಂದು ಮನೆಗೂ ಅವರು ಕ್ಷಮೆ ಕೇಳಲು ಹೋದರು. ಕಂದಿಕೆರೆಗೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲೊಬ್ಬ ಮುದುಕಿ ಏಣಿಗೆ ಅಡ್ಡ ನಿಂತು, "ನಮ್ ಹೆಬ್ಬೆಟ್ ಮಾರ್ಕೊಂಡೋನು ನಮ್ಮಟ್ಟ ಹತ್ಬೇಡ ಕಣಪ್ಪ" ಎಂದಳು. ತಪ್ಪು ನನ್ನದೆನ್ನಲು ನಾನು ಬಾಯಿ ತೆರೆದೆ. ಅವರು ನನ್ನ ತೋಳನ್ನು ಒತ್ತಿದರು.

"ತಪ್ಪಾಯ್ತು ತಾಯಿ" ಎಂದಷ್ಟೇ ಹೇಳಿ ಹೊರಬಂದರು. ದಾರಿಯಲ್ಲಿ ನನಗೆ, "ಬುಡಿ ಮೇಷ್ಟ್ರೇ, ನೀವು ನಾಳೆ ಮಕ್ಳ ಮುಂದೆ ನಿಂತ್ಕೋಬೇಕು" ಎಂದರು.

ಕ್ಷೇತ್ರ ಮರಳಲಿಲ್ಲ. ಎಂಬತ್ತರ ದಶಕದಲ್ಲಿ ಅವರು ತೀರಿಕೊಂಡಾಗ, ಹೆಣದ ಮುಂದೆಯೇ ಯಾರೋ "ಸಹಿ ಮಾರ್ದೋನು" ಎಂದರು. ಹಾಳೆಗಳ ನೆತ್ತಿಯನ್ನು ಖಾಲಿ ಬಿಡಿಸಿ ಪುಢಾರಿಗೆ ದಾರಿ ಮಾಡಿಕೊಟ್ಟವನು ನಾನೆಂದು ಆಗಲಾದರೂ ಹೇಳಬಹುದಿತ್ತು. ನಾನು ಚಪ್ಪಲಿ ಹುಡುಕುವವನಂತೆ ತಲೆ ತಗ್ಗಿಸಿದೆ.