ಅವ್ವನ ಬಾಯಲ್ಲಿ ಹೆಸರು ಹೇಳಿಸಿದ ದೊಡ್ಡ ಸಿಸ್ಟರ್

ಹೋದ ವಾರ ಹಳಿಯಾಳದ ಆಸ್ಪತ್ರೆಯಲ್ಲಿ ನನ್ನ ಕೈಗೆ ಹೆಸರು ಬರೆದ ಪ್ಲಾಸ್ಟಿಕ್ ಪಟ್ಟಿ ಕಟ್ಟಿದರು. ಅದರ ಹೊಸ ವಾಸನೆ ಮೂಗಿಗೆ ಬಡಿದದ್ದೇ ತಡ, ದೊಡ್ಡ ಸಿಸ್ಟರ್ ನೆನಪಾದರು...

ಅವರು ಜೋಯಿಡಾ ಕಡೆಯವರು, ಇದೇ ಹಳಿಯಾಳದ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದರು. ವರ್ಷಗಳ ಹಿಂದಿನ ಮಾತು, ಆಗ ಆಸ್ಪತ್ರೆ ಗುಣಮಟ್ಟದ ಮಾನ್ಯತೆ ಪಡೆಯಲು ಓಡಾಡುತ್ತಿತ್ತು. ಕೈ ತೊಳೆಯಿರಿ, ಗುಂಪು ಕೂಡಬೇಡಿ, ಹೆಸರು ನೀವೇ ಹೇಳಿ... ದಿನಕ್ಕೊಂದು ನಿಯಮ. ಗೋಡೆಗೆ ಸರ್ಟಿಫಿಕೇಟ್ ಹಾಕಲು ಇಷ್ಟೆಲ್ಲ ನಾಟಕ ಎಂದು ಜನ ಆಡಿಕೊಂಡರು. ದೊಡ್ಡ ಸಿಸ್ಟರ್ ಸೊಪ್ಪು ಹಾಕಲಿಲ್ಲ.

ಅಪ್ಪ ದಾಂಡೇಲಿಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಹೊಟ್ಟೆಯ ಹುಣ್ಣು ಒಡೆದು, ರಕ್ತ ಹೋಗಿ, ಎಚ್ಚರ ತಪ್ಪಿ ಅಲ್ಲೇ ವಾರ್ಡಿನಲ್ಲಿ ಮಲಗಿದ್ದ. ನಾನು ಔಷಧಿ ತರಲು ಹೋಗಿದ್ದಾಗ ಹೊಸ ನರ್ಸ್ ಒಬ್ಬಳು ರಕ್ತದ ಚೀಲ ಹಿಡಿದು ಬಂದು ಅವ್ವನನ್ನು ಕೇಳಿದಳಂತೆ, "ಬಸಪ್ಪನವರ ಮನಿಯವ್ರು ನೀವ ಅಲ್ಲೇನ್ರಿ?"

ಅವ್ವ ಹೌದೆಂದು ತಲೆಯಾಡಿಸಿಬಿಟ್ಟಳು. ಅಲ್ಲ ಎಂದರೆ ಅಪ್ಪನ ಹೆಸರು ಹೇಳಬೇಕಾಗುತ್ತಿತ್ತು. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ್ದವಳು ಅವಳು.

ದೊಡ್ಡ ಸಿಸ್ಟರ್ ಅಡ್ಡ ಬಂದರು. "ತಲಿ ಅಲ್ಲಾಡಿಸಿದ್ರ ನಡಿಯೂದಿಲ್ರಿ. ಹೆಸರು ನೀವ ಹೇಳ್ಬೇಕು."

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೆಣ್ಣುಮಗಳ ಬಾಯಲ್ಲಿ ಗಂಡನ ಹೆಸರು ಹೇಳಿಸುವುದು ಯಾವ ಊರಿನ ರೀತಿ ಎಂದು ಅಕ್ಕಪಕ್ಕದ ಮಂಚದವರು ರೇಗಿದರು. ಸಿಸ್ಟರ್ ಚೀಲ ಹಿಡಿದು ನಿಂತೇ ಇದ್ದರು.

"ಹೇಳಿದ್ರ ಅವರ ಆಯುಷ್ಯ ಕಡಿಮಿ ಆಗ್ತೈತಿ ಅಂತೀರಿ. ಹೇಳಲಿಲ್ಲಂದ್ರ ಇವತ್ತ ಮುಗೀತೈತಿ ನೋಡ್ರಿ."

ನಾನು ಬಾಗಿಲಿಗೆ ಬರುವುದಕ್ಕೂ ಅವ್ವ "ಫಕೀರಪ್ಪ" ಎನ್ನುವುದಕ್ಕೂ ಸರಿಹೋಯಿತು. ಆ ಹೆಸರನ್ನು ಅವಳ ದನಿಯಲ್ಲಿ ಕೇಳಿದ್ದು ಅದೇ ಮೊದಲು. ಚೀಲ ಪಕ್ಕದ ವಾರ್ಡಿನ ಬಸಪ್ಪನದು, ರಕ್ತದ ಗುಂಪೂ ಬೇರೆ.

ಏನೂ ಆಗಲಿಲ್ಲವಲ್ಲ, ಇಲ್ಲಿಗೇ ಬಿಡಿ ಎಂದರು ಆಸ್ಪತ್ರೆ ನಡೆಸುವವರು. ಮಾನ್ಯತೆಯ ತಪಾಸಣೆ ಹತ್ತಿರವಿತ್ತು, ಅವರಿಗೆ ಮರ್ಯಾದೆಯ ಚಿಂತೆ.

"ಬಿಡೂದಿಲ್ರಿ. ಆಗಬಾರದ್ದು ಆದಮ್ಯಾಲ ಹೇಳಿ ಏನ್ ಉಪಯೋಗ? ತಪಾಸಣಿಯವ್ರಿಗೂ ನಾನ ಹೇಳ್ತೀನಿ" ಎಂದರು ಸಿಸ್ಟರ್. ಹೇಳಿಯೂ ಹೇಳಿದರು. ಆ ಹುಡುಗಿಯನ್ನು ದೂರಲಿಲ್ಲ, ನಾವು ಕೇಳುವ ರೀತಿಯೇ ತಪ್ಪಿತ್ತು ಎಂದರು. ಅಲ್ಲಿಂದ ಎಲ್ಲ ರೋಗಿಗಳ ಕೈಗೂ ಪಟ್ಟಿ ಬಂತು. ಇಬ್ಬರು ಸೇರಿ ನೋಡದೆ ರಕ್ತ ಏರಿಸುವಂತಿಲ್ಲ ಎಂದಾಯಿತು. ಮಾನ್ಯತೆಯೂ ಬಂತು.

ಅಪ್ಪ ಮೊಮ್ಮಕ್ಕಳನ್ನು ಎತ್ತಿ ಆಡಿಸಿಯೇ ಹೋದ. ಇವತ್ತಿಗೂ ಯಾರಾದರೂ ಆ ಸರ್ಟಿಫಿಕೇಟನ್ನು ಬರೀ ಕಾಗದ ಎಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ದೊಡ್ಡ ಸಿಸ್ಟರ್ ತೀರಿಕೊಂಡದ್ದು ನನಗೆ ಗೊತ್ತಾದದ್ದೇ ಈ ಸಲ, ಅದೇ ವಾರ್ಡಿನಲ್ಲಿ ಅವರನ್ನು ವಿಚಾರಿಸಿದಾಗ. ಒಂದು ಸಲವಾದರೂ ಹೋಗಿ ನೋಡಬೇಕಿತ್ತು... ಆಪರೇಷನ್ ಮುಗಿದು ಮಂಪರಿನಲ್ಲಿದ್ದಾಗ ಎಳೆಯ ನರ್ಸ್ ಒಬ್ಬಳು ಇಂಜೆಕ್ಷನ್ ಹಿಡಿದು ಬಂದಳು. ಕೈಯ ಪಟ್ಟಿ ನೋಡುವ ಮೊದಲು ನನ್ನ ಹೆಂಡತಿಯನ್ನು ಕೇಳಿದಳು, "ಇವರ ಹೆಸರು ಹೇಳ್ರಿ ಅಕ್ಕಾರ."

ಅತ್ತೆ ಪಕ್ಕದಲ್ಲೇ ಕೂತಿದ್ದರಿಂದ ಅವಳು ಹಿಂದೆಮುಂದೆ ನೋಡಿದಳು.

"ಹೇಳವಾ" ಎಂದಳು ನನ್ನವ್ವ. "ಹೇಳಿದ್ರನ ಉಳೀತಾರ."